ಮಿಡಿಸೌತೆಯೂ ರಫ್ತು, ಐಫೋನೂ ರಫ್ತು: ಇಲ್ಲಿ ಉಳಿಯುವುದೆಷ್ಟು?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ. ನಾನು ಬಿ.ಕಾಂ. ಓದುತ್ತಿದ್ದೇನೆ. ಚಿಕ್ಕಪ್ಪ ಎರಡು ವರ್ಷದಿಂದ ಕಂಪನಿಯೊಂದಕ್ಕೆ ಮಿಡಿಸೌತೆ (ಉಪ್ಪಿನಕಾಯಿಗೆ ಹಾಕುವ ಪುಟ್ಟ ಸೌತೆ, ಗರ್ಕಿನ್) ಬೆಳೆದುಕೊಡುತ್ತಿದ್ದಾರೆ, ಎಲ್ಲ ಹೊರದೇಶಕ್ಕೆ ಹೋಗುತ್ತಂತೆ. ಕರ್ನಾಟಕದ ರಫ್ತು ಅಂದರೆ ಸಾಫ್ಟ್‌ವೇರ್ ಎಂದೇ ಕಾಲೇಜಿನಲ್ಲಿ ಕೇಳಿದ್ದೇನೆ. ಸರಕುಗಳ ರಫ್ತಿನಿಂದ ರಾಜ್ಯಕ್ಕೆ ನಿಜವಾಗಿ ಎಷ್ಟು ಲಾಭ? ಸರ್ಕಾರಕ್ಕೆ ತೆರಿಗೆ ಬರುತ್ತಾ?

ಉತ್ತರ: ಸಾಫ್ಟ್‌ವೇರ್ ರಫ್ತಿನಲ್ಲಿ ನಾವು ದೇಶಕ್ಕೇ ಮುಂದೆ, ಅದು ನಿಜ. ಸರಕಿನ ವಿಷಯಕ್ಕೆ ಬಂದರೆ ಗುಜರಾತ್, ಮಹಾರಾಷ್ಟ್ರ, ತಮಿಳುನಾಡು ನಮಗಿಂತ ಮುಂದಿವೆ. ಹಾಗಂತ ನಮ್ಮದೇನೂ ಸಣ್ಣ ಮೊತ್ತವಲ್ಲ. 2023-24ರಲ್ಲಿ ಕರ್ನಾಟಕದಿಂದ ಹೊರಟ ಸರಕಿನ ಬೆಲೆ ಸುಮಾರು 2,660 ಕೋಟಿ ಡಾಲರ್, ಅಂದರೆ 2.2 ಲಕ್ಷ ಕೋಟಿ ರೂಪಾಯಿ ಹತ್ತಿರ. ದೇಶದ ಸರಕು ರಫ್ತಿನಲ್ಲಿ ಶೇ 6ರಷ್ಟು.

ಅದೇ ವರ್ಷ ರಾಜ್ಯದ ಜಿಎಸ್‌ಡಿಪಿ, ಅಂದರೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನ, 25 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಭಾಗಿಸಿ, ‘ರಾಜ್ಯದ ಆದಾಯದಲ್ಲಿ ಶೇ 8-9ರಷ್ಟು ರಫ್ತಿನದು’ ಎಂದು ದಯವಿಟ್ಟು ಪರೀಕ್ಷೆಯಲ್ಲಿ ಬರೆಯಬೇಡಿ. ಜಾಸ್ತಿ ಜನ ತಪ್ಪುವುದು ಇಲ್ಲೇ. ಜಿಎಸ್‌ಡಿಪಿಯಲ್ಲಿ ಸೇರುವುದು ಇಲ್ಲಿ ಹೊಸದಾಗಿ ಹುಟ್ಟಿದ ಮೌಲ್ಯ ಮಾತ್ರ. ರಫ್ತಿನ ಲೆಕ್ಕದಲ್ಲಿ ಸರಕಿನ ಪೂರ್ತಿ ಬೆಲೆ ಬರುತ್ತದೆ, ಹೊರಗಿನಿಂದ ತಂದು ಹಾಕಿದ್ದೂ ಸೇರಿ.

ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ನೋಡಿ. ವರ್ಷಕ್ಕೆ 1.5 ಕೋಟಿ ಟನ್ ಸಂಸ್ಕರಿಸುವ ಶಕ್ತಿ ಅದಕ್ಕಿದೆ. ಕಚ್ಚಾ ತೈಲ ಹೆಚ್ಚಿನಂಶ ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಅದೇ ತೈಲ ಡೀಸೆಲ್ಲೋ ವಿಮಾನದ ಇಂಧನವೋ ಆಗಿ ಮತ್ತೆ ಹಡಗು ಹತ್ತಿದರೆ ಪೂರ್ತಿ ಬೆಲೆ ಕರ್ನಾಟಕದ ರಫ್ತು. ಇಲ್ಲಿ ಉಳಿಯುವುದು ಸಂಸ್ಕರಣೆಯ ಲಾಭ, ಸಂಬಳ, ಬಂದರಿನ ಕೆಲಸ. ಕೋಲಾರದ ನರಸಾಪುರ ಮತ್ತು ದೇವನಹಳ್ಳಿ ಕಡೆ ತಯಾರಾಗುವ ಐಫೋನ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಚಿಪ್, ಪರದೆ ಹೊರಗಿನವು, ಜೋಡಣೆ ನಮ್ಮದು. ಅದನ್ನು ನಾನು ಹಗುರ ಮಾಡುತ್ತಿಲ್ಲ. ಸಾವಿರಾರು ಹೆಣ್ಣುಮಕ್ಕಳಿಗೆ ಅದೇ ಮೊದಲ ಸಂಬಳ.

ಈಗ ಚಿಕ್ಕಪ್ಪನ ಹೊಲಕ್ಕೆ ಬರೋಣ. ಮಿಡಿಸೌತೆಯನ್ನು ನಮ್ಮ ಊರುಗಳಲ್ಲಿ ಯಾರೂ ಹೆಚ್ಚಾಗಿ ತಿನ್ನುವುದಿಲ್ಲ, ಅಲ್ವಾ? 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಬೆಳೆ ಇದು. ಇಂದು ಮಿಡಿಸೌತೆ ರಫ್ತಿನಲ್ಲಿ ಭಾರತವೇ ಜಗತ್ತಿಗೆ ಮೊದಲು. ದಕ್ಷಿಣದ ರಾಜ್ಯಗಳಲ್ಲಿ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆ. 2020-21ರಲ್ಲಿ ಸೌತೆ, ಮಿಡಿಸೌತೆ ಎರಡೂ ಸೇರಿ ದೇಶದ ರಫ್ತು 20 ಕೋಟಿ ಡಾಲರ್ ದಾಟಿತು. ಫೋನಿನ ಮುಂದೆ ಇದು ಏನೇನೂ ಅಲ್ಲ. ಆದರೆ ನೆಲ, ನೀರು, ದುಡಿಮೆ ಎಲ್ಲ ಇಲ್ಲಿನದೇ. ಕಾಯಿ ಚಿಕ್ಕದಿದ್ದಷ್ಟೂ ಬೆಲೆ ಜಾಸ್ತಿ. ಒಂದು ದಿನ ಕೊಯ್ಯದೆ ಬಿಟ್ಟರೆ ದಪ್ಪಗಾಗಿ ಗ್ರೇಡ್ ಇಳಿಯುತ್ತದೆ. ಹಾಗಾಗಿ ಕೊಯ್ಲು ಶುರುವಾದರೆ ದಿನಾ ಆಳು ಬೇಕು. ಆ ಕೂಲಿ ನಿಮ್ಮೂರಿನಲ್ಲೇ ಖರ್ಚಾಗುತ್ತದೆ.

ಕಾಫಿಯೂ ಹಾಗೆಯೇ. ದೇಶದ ಕಾಫಿಯಲ್ಲಿ ಶೇ 70ರಷ್ಟು ಕೊಡಗು, ಚಿಕ್ಕಮಗಳೂರು, ಹಾಸನದ್ದು, ಬಹುಪಾಲು ಹೊರಗೆ ಹೋಗುತ್ತದೆ. ಇಟಲಿ ದೊಡ್ಡ ಗಿರಾಕಿ. ಒಂದೇ ನೋವು: ಹೆಚ್ಚಿನದು ಹುರಿಯದ ಬೀಜವಾಗಿಯೇ ಹೋಗುತ್ತದೆ. ಹುರಿದು, ಹೆಸರು ಹಚ್ಚಿ ಮಾರುವ ಲಾಭ ಅವರದಾಗುತ್ತದೆ. ಇದು ಬದಲಾಗಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ತೆರಿಗೆ. ರಫ್ತಾಗುವ ಸರಕಿಗೆ ಜಿಎಸ್‌ಟಿ ಸೊನ್ನೆ. ಕಚ್ಚಾ ಸಾಮಗ್ರಿಗೆ ಕಟ್ಟಿದ್ದೂ ವಾಪಸ್ ಸಿಗುತ್ತದೆ. ಆಮದು ಸುಂಕವನ್ನು ವಸೂಲಿ ಮಾಡುವುದು ಕೇಂದ್ರ. ಹಾಗಾಗಿ ರಾಜ್ಯದ ಖಜಾನೆಗೆ ರಫ್ತಿನಿಂದ ನೇರವಾಗಿ ಬರುವುದು ಕಡಿಮೆ. ಸಂಬಳ, ಕೂಲಿ ಪಡೆದವರು ಅಂಗಡಿಗೆ ಹೋಗಿ ಬಟ್ಟೆಯೋ ಬೈಕೋ ಕೊಂಡಾಗ ಜಿಎಸ್‌ಟಿಯ ಪಾಲು ಬರುತ್ತದೆ. ಅದಕ್ಕೇ ರಫ್ತಿನ ಹಣ ಎಷ್ಟು ಜನರ ಕೈಗೆ ಹಂಚಿಹೋಗುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಆ ದೃಷ್ಟಿಯಿಂದ ಗಾರ್ಮೆಂಟ್ಸ್ ಬಹಳ ಮುಖ್ಯ. ಬೆಂಗಳೂರು ಸುತ್ತಮುತ್ತ ಲಕ್ಷಾಂತರ ಮಹಿಳೆಯರು ಅದನ್ನೇ ನಂಬಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50 ಸುಂಕ ಹಾಕಿದಾಗ ಫೋನ್‌ಗಳಿಗೆ ವಿನಾಯಿತಿ ಸಿಕ್ಕಿತು, ಬಟ್ಟೆಗೆ ಸಿಗಲಿಲ್ಲ. ಅಂಥ ಪೆಟ್ಟು ರಫ್ತಿನ ಒಟ್ಟು ಮೊತ್ತದಲ್ಲಿ ಅಷ್ಟಾಗಿ ಕಾಣದೆ ಹೋಗಬಹುದು. ಪೀಣ್ಯದ ಬಾಡಿಗೆ ಮನೆಯಲ್ಲಿ ಮಾತ್ರ ತಕ್ಷಣ ಗೊತ್ತಾಗುತ್ತದೆ.

ನಿಮಗೊಂದು ಕೆಲಸ ಹೇಳುತ್ತೇನೆ. ಚಿಕ್ಕಪ್ಪನ ಈ ಬೆಳೆಯ ಲೆಕ್ಕ ಬರೆದಿಡಿ: ಯಾವ ಗ್ರೇಡಿಗೆ ಎಷ್ಟು ದರ, ಬೀಜ, ಗೊಬ್ಬರ, ಔಷಧಿಗೆಂದು ಕಂಪನಿ ಮುರಿದುಕೊಂಡದ್ದೆಷ್ಟು, ಕೊಯ್ಲಿನ ಕೂಲಿ ಎಷ್ಟು, ಕೊನೆಗೆ ಕೈಗೆ ಬಂದದ್ದೆಷ್ಟು. ಕಳಿಸಿಕೊಡಿ, ಮುಂದಿನ ಸಲ ಆ ಲೆಕ್ಕವನ್ನೇ ಇಟ್ಟುಕೊಂಡು ಮಾತಾಡೋಣ.