ಕ್ರೆಡಿಟ್ ಕಾರ್ಡ್ ಪಾಯಿಂಟ್‌ಗಳಿಂದ ಪ್ರಯಾಣಕ್ಕೆ ಜಾಸ್ತಿ ಲಾಭ ಪಡೆಯುವುದು ಹೇಗೆ?

ತಿಂಗಳ ಬಿಲ್ ಪೂರ್ತಿ ಕಟ್ಟುವವರಾದರೆ ಮಾತ್ರ ಮುಂದೆ ಓದಿ. ಬಾಕಿ ಉಳಿಸಿಕೊಂಡರೆ ಬಡ್ಡಿಯೇ ಎಲ್ಲ ಲಾಭ ನುಂಗಿಬಿಡುತ್ತದೆ.

ಮೊದಲು ಒಂದು ಪಾಯಿಂಟಿಗೆ ಎಷ್ಟು ಗಿಟ್ಟುತ್ತಿದೆ ಅಂತ ಲೆಕ್ಕ ಹಾಕಿ. ಒಂದು ವಿಮಾನ ಟಿಕೆಟ್ ದುಡ್ಡು ಕೊಟ್ಟರೆ 12,000 ಅಂದುಕೊಳ್ಳಿ. ಅದೇ ಟಿಕೆಟಿಗೆ 20,000 ಪಾಯಿಂಟ್, ಮೇಲೆ ತೆರಿಗೆ 2,000. ಅಂದರೆ ಉಳಿದದ್ದು 10,000, ಪಾಯಿಂಟಿಗೆ 0.50 ರೂಪಾಯಿ. ಅಷ್ಟೇ ಪಾಯಿಂಟಿಗೆ ಗಿಫ್ಟ್ ವೋಚರ್ 5,000ದ್ದು ಸಿಕ್ಕರೆ ಅರ್ಧಕ್ಕರ್ಧ ಕಳೆದುಕೊಂಡ ಹಾಗೆ ಅಲ್ವಾ? ತೆರಿಗೆ ಕಳೆಯುವುದನ್ನು ತುಂಬಾ ಜನ ಮರೆಯುತ್ತಾರೆ.

ಸಾಮಾನ್ಯವಾಗಿ ಒಳ್ಳೆಯ ಬೆಲೆ ಸಿಗುವುದು ಪಾಯಿಂಟನ್ನು ವಿಮಾನ ಕಂಪನಿಯ ಮೈಲ್‌ಗಳಾಗಿ (ಟಿಕೆಟ್ ಪಡೆಯಲು ಬಳಸುವ, ಆ ಕಂಪನಿಯದೇ ಪಾಯಿಂಟ್) ಬದಲಾಯಿಸಿದಾಗ, ಅದರಲ್ಲೂ ದೂರದ ಬಿಸಿನೆಸ್ ಕ್ಲಾಸ್ ಸೀಟಿಗೆ. ಆದರೆ ಒಮ್ಮೆ ಕಳಿಸಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸೀಟು ಇದೆಯಾ ನೋಡಿ, ಆಮೇಲೆ ಕಳಿಸಿ. ಕೆಲವು ಕಡೆ ಮೈಲ್ ಖಾತೆಗೆ ಬೀಳಲು ಎರಡು-ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಬಹುದು. ಹಾಗಾಗಿ ಕೈಯಲ್ಲಿ ಇನ್ನೊಂದು ದಿನಾಂಕ ಇಟ್ಟುಕೊಂಡಿರಿ.

ಸುಮ್ನೆ ಕೂಡಿಡುವುದೂ ಬೇಡ. ಪಾಯಿಂಟಿಗೆ ಬಡ್ಡಿ ಬರುವುದಿಲ್ಲ, ಕಂಪನಿಗಳು ಅದರ ಬೆಲೆಯನ್ನು ಆಗಾಗ ಇಳಿಸುತ್ತವೆ.