ವಾಚಿನ ಮಾತು: ಅಪ್ಪನ ಒಮೆಗಾಗೆ ಹೊಸ ಡಯಲ್ ಬೇಕೇ?

ಪ್ರಶ್ನೆ: ನನ್ನ ತಂದೆಯವರು ಹಡಗಿನ ಎಂಜಿನ್ ವಿಭಾಗದಲ್ಲಿದ್ದರು. 1966ರಲ್ಲಿ ಏಡನ್ ಬಂದರಿನಲ್ಲಿ ಒಮೆಗಾ ಸೀಮಾಸ್ಟರ್ ಆಟೊಮ್ಯಾಟಿಕ್ ವಾಚು ಕೊಂಡರು. ತಾರೀಖು ತೋರಿಸುವ ಕಿಂಡಿ ಇಲ್ಲ. ಈಗ ಅದು ನನ್ನ ಬಳಿ ಇದೆ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬೆಳ್ಳಿ ಬಣ್ಣದ ಡಯಲ್ ಕೆನೆ ಬಣ್ಣಕ್ಕೆ ತಿರುಗಿದೆ, ನಾಲ್ಕರ ಹತ್ತಿರ ಎರಡು ಚುಕ್ಕೆ ಬಿದ್ದಿವೆ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ತೋರಿಸಿದಾಗ ಡಯಲ್, ಮುಳ್ಳು, ಗಾಜು ಎಲ್ಲವನ್ನೂ ಬದಲಿಸಿ, ಕೇಸ್ ಪಾಲಿಶ್ ಮಾಡಿ ಹೊಸದರಂತೆ ಕೊಡಬಹುದು ಎಂದರು. ಬಿಡಿಭಾಗಗಳೆಲ್ಲ ಕಂಪನಿಯವೇ ಅಂತೆ. ಹಾಗಾದರೆ ವಾಚು ಒರಿಜಿನಲ್ ಆಗಿಯೇ ಉಳಿಯುತ್ತದಲ್ಲವೇ? ಬೆಲೆ ಏರುತ್ತದೋ ಇಳಿಯುತ್ತದೋ? ನಮ್ಮ ಭಾವ ಮಾತ್ರ ಡಯಲ್ ಮುಟ್ಟಿಸಲೇಬೇಡ ಎನ್ನುತ್ತಾರೆ.
– ಓದುಗರು, ಕುಂದಾಪುರ

ಉತ್ತರ: ನಿಮ್ಮ ಭಾವ ಹೇಳಿದ್ದು ಸರಿ. ಡಯಲ್ ಮುಟ್ಟಿಸಬೇಡಿ. ಆದರೆ ಸರ್ವಿಸ್ ಮಾಡಿಸಿ, ತಡ ಮಾಡದೆ ಮಾಡಿಸಿ. ಇವೆರಡೂ ಬೇರೆ ಬೇರೆ ಕೆಲಸ. ಒಂದೇ ಬಿಲ್ಲಿನಲ್ಲಿ ಬರುವುದರಿಂದ ಒಂದೇ ಎನಿಸುತ್ತದೆ, ಅಷ್ಟೆ.

ನಾನು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಅಸೆಂಬ್ಲಿಯಲ್ಲಿ 22 ವರ್ಷ ಕುಳಿತವಳು. ಹೆಚ್ಚಿನ ಕಾಲ ಮಾಡಿದ್ದು ಡಯಲ್ ಮತ್ತು ಮುಳ್ಳು ಕೂರಿಸುವ ಕೆಲಸ. ಸ್ವಯಂನಿವೃತ್ತಿ ಪಡೆದ ಮೇಲೆ ಮತ್ತಿಕೆರೆಯಲ್ಲಿ ರಿಪೇರಿಯ ಮೇಜು ಹಾಕಿಕೊಂಡೆ. ಕಾರ್ಖಾನೆಯ ಕಣ್ಣು ವಾಚನ್ನು ಹೇಗೆ ನೋಡುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೆ ಗೀರು ಬಿದ್ದರೆ ದೋಷ, ಬಣ್ಣ ಮಾಸಿದರೆ ದೋಷ. ಬಾಗಿಲು ದಾಟುವ ಪ್ರತಿಯೊಂದು ವಾಚೂ ಮೊದಲ ದಿನದ ಹಾಗಿರಬೇಕು. ಮೂರು ವರ್ಷದ ವಾಚನ್ನು ಹಾಗೆ ನೋಡುವುದು ಸರಿ. ಅರುವತ್ತು ವರ್ಷದ ವಾಚನ್ನೂ ಹಾಗೆಯೇ ನೋಡಿದರೆ ಅದರ ವಯಸ್ಸೇ ಅದರ ಕಾಯಿಲೆಯಾಗಿ ಕಾಣುತ್ತದೆ.

ಮೊದಲು ಒಳಗಿನ ಮಾತು. ಆ ಕಾಲದ ತಾರೀಖಿಲ್ಲದ ಸೀಮಾಸ್ಟರ್ ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು 552 ಎಂಬ ಮಷೀನ್. ಚಕ್ರಗಳ ತುದಿ ಸವೆಯದಂತೆ ಕೂರಿಸಿದ 24 ಕಲ್ಲಿನದು, ತಾಮ್ರದ ಬಣ್ಣದ್ದು, ಬಹಳ ಗಟ್ಟಿ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿದೆ ಎಂದರೆ ಎಣ್ಣೆ ಒಣಗಿ ಅಂಟಾಗಿರಬಹುದು. ಆ ಅಂಟಿಗೆ ಲೋಹದ ಪುಡಿ ಸೇರಿಕೊಂಡು ಅರದ ಕೆಲಸ ಮಾಡುತ್ತದೆ. ಚಕ್ರಗಳ ಕೂದಲೆಳೆಯಂಥ ತುದಿಗಳನ್ನು ದಿನದಿನವೂ ತೇಯುತ್ತದೆ. ‘ಓಡುತ್ತಿದೆಯಲ್ಲ’ ಎಂದು ಕಟ್ಟಿಕೊಂಡು ತಿರುಗಿದರೆ ನೀವೇ ಅದನ್ನು ಸವೆಸಿದಂತೆ. ಮಷೀನನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಿ. ಮೇನ್‌ಸ್ಪ್ರಿಂಗ್, ರಬ್ಬರ್ ಉಂಗುರ, ಹಲ್ಲು ಸವೆದ ಚಕ್ರ ಬದಲಿಸಿದರೆ ತಿಳಿದವರು ಯಾರೂ ಬೆಲೆ ಇಳಿಸುವುದಿಲ್ಲ. ಅದೇ ಮಾದರಿಯ ಭಾಗ ಬಿದ್ದಿದ್ದರೆ ಸಾಕು. ಈ ಕೆಲಸಕ್ಕೆ ಕಂಪನಿಯವರಲ್ಲಿಗೆ ಹೋಗುವುದು ಒಳ್ಳೆಯದೇ. ಹಳೆಯ ಮಷೀನಿಗೆ ಅಸಲಿ ಬಿಡಿಭಾಗ ಸಿಗುವ ಜಾಗಗಳು ಕಡಿಮೆ.

ಡಯಲ್ ಹಾಗಲ್ಲ. ಹಳೆಯ ವಾಚು ಕೊಳ್ಳುವವನು ಮೊದಲು ನೋಡುವುದು ಅದರ ಮುಖ, ಹಣ ಕೊಡುವುದೂ ಬಹುಪಾಲು ಅದಕ್ಕೇ. ಕಂಪನಿಯು ಈಗ ಹಾಕುವ ಡಯಲ್ ಅಸಲಿಯೇ, ಅದರಲ್ಲಿ ಮೋಸವಿಲ್ಲ. ಆದರೆ ಅದು 1966ರಲ್ಲಿ ನಿಮ್ಮ ತಂದೆಯವರ ಜೊತೆ ಹಡಗು ಹತ್ತಿದ ಡಯಲ್ ಅಲ್ಲ. ವ್ಯಾಪಾರದಲ್ಲಿ ಅದಕ್ಕೆ ‘ಸರ್ವಿಸ್ ಡಯಲ್’ ಎಂದೇ ಹೆಸರು, ಬೆಲೆಯೂ ಬೇರೆ. ಬೀದಿಯ ಪೇಂಟರ್ ಮತ್ತೆ ಬಣ್ಣ ಬಳಿದು ಅಚ್ಚೊತ್ತಿದ ಡಯಲ್‌ಗಿಂತ ಸರ್ವಿಸ್ ಡಯಲ್ ಎಷ್ಟೋ ಮೇಲು. ಚುಕ್ಕೆ ಬಿದ್ದ ಹುಟ್ಟು ಡಯಲ್ ಅದಕ್ಕಿಂತಲೂ ಮೇಲು.

ಒಂದು ಪರೀಕ್ಷೆ ಮಾಡಿ ನೋಡಿ. ಡಯಲ್‌ನ ತಳದಲ್ಲಿ, ಆರರ ಕೆಳಗೆ, ‘ಸ್ವಿಸ್ ಮೇಡ್’ ಎಂಬುದರ ಎರಡೂ ಬದಿಗೆ ಇಂಗ್ಲಿಷಿನ ‘ಟಿ’ ಅಕ್ಷರ ಇದೆಯೇ? ಇದ್ದರೆ, ಗಂಟೆಯ ಗುರುತಿನ ಬಳಿ ಕತ್ತಲಲ್ಲಿ ಹೊಳೆಯಲೆಂದು ಇಟ್ಟ ಚುಕ್ಕೆಗಳಲ್ಲಿ ಟ್ರಿಟಿಯಮ್ ಎಂಬ ವಿಕಿರಣ ವಸ್ತು ಇತ್ತು ಎಂದರ್ಥ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಅರುವತ್ತು ವರ್ಷದಲ್ಲಿ ಉಳಿಯುವುದು ಮೂವತ್ತರಲ್ಲಿ ಒಂದು ಪಾಲು. ಹಾಗಾಗಿ ದೀಪ ಆರಿಸಿದಾಗ ನಿಮ್ಮ ವಾಚು ಹೊಳೆಯದಿದ್ದರೆ ಬೇಸರಪಡಬೇಡಿ. ಹೊಸ ಡಯಲ್‌ನಲ್ಲಿ ಟ್ರಿಟಿಯಮ್ ಇರುವುದಿಲ್ಲ, ಆ ‘ಟಿ’ಗಳೂ ಇರುವುದಿಲ್ಲ. ಮುಳ್ಳು ಮಾತ್ರ ಬದಲಿಸಿದರೂ ಗುರುತು ಸಿಗುತ್ತದೆ: ಡಯಲ್‌ನ ಚುಕ್ಕೆ ಕೆನೆ ಬಣ್ಣ, ಮುಳ್ಳಿನ ಗೆರೆ ಅಚ್ಚ ಬಿಳಿ. ಮುಳ್ಳು ಕೂರಿಸಿಯೇ ಅನ್ನ ತಿಂದವಳು ನಾನು, ಇದು ನನಗೆ ಅಂಗಡಿಯ ಬಾಗಿಲಿನಿಂದಲೇ ಕಾಣುತ್ತದೆ.

ಪಾಲಿಶ್ ಬಗ್ಗೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಹಿರಿಯರೊಬ್ಬರು ತಮ್ಮ ತಂದೆಯ ವಾಚನ್ನು ಅದರ ಕಂಪನಿಗೇ ಕಳಿಸಿ, ವಾಪಸ್ ಬಂದ ಮೇಲೆ ನನಗೆ ತೋರಿಸಲು ತಂದರು. ಕಂಪನಿಯ ಹೆಸರು ಬೇಡ. ಸಮಯದಲ್ಲಿ ಒಂದು ಸೆಕೆಂಡೂ ಹೆಚ್ಚುಕಡಿಮೆ ಇರಲಿಲ್ಲ. ಆದರೆ ಪಟ್ಟಿ ಸಿಕ್ಕಿಸುವ ನಾಲ್ಕು ಕಾಲುಗಳ ಚೂಪು ಅಂಚು ಚೀಪಿದ ಕಲ್ಲುಸಕ್ಕರೆಯಂತೆ ದುಂಡಗಾಗಿತ್ತು. ಹಿಂಬದಿಯಲ್ಲಿ ಕೆತ್ತಿಸಿದ್ದ ತಂದೆಯ ಹೆಸರನ್ನು ಬೆರಳಿನಿಂದ ತಡವಿದರೆ ಮಾತ್ರ ಇದೆ ಎಂದು ತಿಳಿಯುತ್ತಿತ್ತು. ಡಯಲ್ ಕೂಡ ಹೊಸದಾಗಿತ್ತು. ಹಳೆಯದು ಎಲ್ಲಿ ಎಂದು ಕೇಳಿದೆ. ಕೊಟ್ಟಿಲ್ಲ ಎಂದರು. ಪಾಲಿಶ್ ಎಂದರೆ ಲೋಹವನ್ನು ತೆಗೆಯುವುದು. ತೆಗೆದದ್ದನ್ನು ಸುಲಭವಾಗಿ ಮತ್ತೆ ಹಚ್ಚಲಾಗದು. ಅವರು ಮಾತಾಡದೆ ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

‘ಭಾಗಗಳೆಲ್ಲ ಕಂಪನಿಯವೇ ಆದರೆ ಒರಿಜಿನಲ್ ಅಲ್ಲವೇ’ ಎಂದು ಕೇಳಿದ್ದೀರಿ. 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಸಂಸ್ಥೆಯ ಹರಾಜಿನಲ್ಲಿ ಒಮೆಗಾದ ಒಂದು ಹಳೆಯ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯಿತು. ಅದರ ಕಪ್ಪು ಡಯಲ್ ವಯಸ್ಸಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಜನ ಮೋಹಗೊಂಡದ್ದರಲ್ಲಿ ಆ ಬಣ್ಣದ ಪಾಲು ದೊಡ್ಡದು. 2023ರಲ್ಲಿ ಹೊರಬಿದ್ದ ಸುದ್ದಿಯೆಂದರೆ, ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಾಚು. ಭಾಗಗಳಲ್ಲಿ ಹೆಚ್ಚಿನವು ಅಸಲಿಯೇ. ಆದರೂ ಅದನ್ನು ಆ ಬೆಲೆಯ ವಾಚು ಎಂದು ಯಾರೂ ಕರೆಯುವುದಿಲ್ಲ. ಒರಿಜಿನಲ್ ಎಂದರೆ ಒಟ್ಟಿಗೆ ಹುಟ್ಟಿ ಒಟ್ಟಿಗೆ ಹಳೆಯದಾದದ್ದು.

ಈಗ ನೀವು ಮಾಡಬೇಕಾದ್ದು. ವಾಚು ಒಪ್ಪಿಸುವ ಮೊದಲು ಡಯಲ್, ಹಿಂಬದಿ, ನಾಲ್ಕು ಕಾಲು, ಸಾಧ್ಯವಾದರೆ ಮಷೀನು, ಎಲ್ಲದರ ಫೋಟೊ ತೆಗೆಯಿರಿ. ಡಯಲ್ ಮತ್ತು ಮುಳ್ಳು ಬದಲಿಸಬಾರದು, ಕೇಸ್ ಪಾಲಿಶ್ ಮಾಡಬಾರದು, ಬದಲಿಸಿದ ಪ್ರತಿಯೊಂದು ಭಾಗವನ್ನೂ ಹಿಂದಿರುಗಿಸಬೇಕು ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಬಾಯಿಮಾತು ಕೌಂಟರಿನಲ್ಲೇ ಉಳಿಯುತ್ತದೆ, ವಾಚು ಮಾತ್ರ ಒಳಗೆ ಹೋಗುತ್ತದೆ. ಒಪ್ಪದಿದ್ದರೆ ವಾಪಸ್ ತನ್ನಿ. ಹಳೆಯ ಮಷೀನು ಬಲ್ಲ ಕುಶಲಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಗಾಜು ಬಿರುಕು ಬಿಟ್ಟಿಲ್ಲವಾದರೆ ಅದನ್ನೂ ಉಳಿಸಿ. ಅದು ಪ್ಲಾಸ್ಟಿಕ್ಕಿನದು, ಗೀರುಗಳು ಉಜ್ಜಿದರೆ ಹೋಗುತ್ತವೆ. ಹುಟ್ಟು ಗಾಜಾದರೆ ನಟ್ಟನಡುವೆ ಒಮೆಗಾದ ಪುಟ್ಟ ಗುರುತು ಇರುತ್ತದೆ. ಭೂತಗನ್ನಡಿಯಲ್ಲಿ, ಓರೆ ಬೆಳಕಿನಲ್ಲಿ ನೋಡಿ. ಕಂಡ ದಿನ ತುಂಬ ಸಂತೋಷವಾಗುತ್ತದೆ.

ಚುಕ್ಕೆಗಳು ಹಬ್ಬುತ್ತಿದ್ದರೆ, ಅಂದರೆ ತೇವ ಒಳಗಿದ್ದರೆ, ನನ್ನ ಮಾತು ಬೇರೆ. ಬಣ್ಣ ಹೊಪ್ಪಳೆಯೇಳುವ ಡಯಲ್ ಮಷೀನಿಗೂ ಪುಡಿ ಉದುರಿಸುತ್ತದೆ. ಆಗ ಕಂಪನಿಯ ಡಯಲ್ ಹಾಕಿಸಿ, ಹಳೆಯದನ್ನು ಕಾಗದದ ಲಕೋಟೆಯಲ್ಲಿಟ್ಟು ವಾಚಿನ ಜೊತೆಗೇ ಇಡಿ. ನಿಮ್ಮೂರಿನ ಮಳೆಗಾಲದಲ್ಲಂತೂ ಕೈಗೆ ಕಟ್ಟಬೇಡಿ. ಹೆಸರು ಸೀಮಾಸ್ಟರ್ ಎಂದಿದ್ದರೂ ಈ ವಯಸ್ಸಿನಲ್ಲಿ ಅದಕ್ಕೆ ನೀರು ಆಗದು.

ಪ್ರಶ್ನೆ: ಆನ್‌ಲೈನ್‌ನಲ್ಲಿ 2,800 ರೂಪಾಯಿಗೆ ಎಚ್‌ಎಂಟಿ ಜನತಾ ಕೊಂಡೆ. ಕಿತ್ತಳೆ ಬಣ್ಣದ ಡಯಲ್, ಫಳಫಳ ಹೊಳೆಯುತ್ತದೆ. ‘ಕಂಪನಿ ಸರ್ವಿಸ್ ಆದ ಒರಿಜಿನಲ್’ ಎಂದು ಬರೆದಿದ್ದರು. ನಂಬಬಹುದೇ?
– ಓದುಗರು, ತುಮಕೂರು

ಉತ್ತರ: ನಂಬಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಹಾಗಿರುವಾಗ ಸರ್ವಿಸ್ ಮಾಡಿಕೊಟ್ಟದ್ದು ಯಾರು ಎಂದು ಮಾರಿದವರನ್ನೇ ಕೇಳಿ. ನನ್ನ ಕೈಯಿಂದ ಹೋದ ಜನತಾಗಳಲ್ಲಿ ಕಿತ್ತಳೆ ಡಯಲ್ ಒಂದೂ ನೆನಪಿಲ್ಲ. ‘17 ಜುವೆಲ್ಸ್’, ‘ಪ್ಯಾರಾ ಶಾಕ್’ ಎಂಬ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚು ಕದಡಿದ್ದರೆ, ಅಕ್ಷರ ದಪ್ಪವಾಗಿ ಹರಡಿದ್ದರೆ, ಹಳೆಯ ತಗಡಿನ ಮೇಲೆ ಹೊಸದಾಗಿ ಅಚ್ಚೊತ್ತಿದ್ದು.

ಇದರಲ್ಲಿ ನಮ್ಮಂಥವರ ತಪ್ಪೂ ಇದೆ. ಮಗನ ಮದುವೆಗೆ ಮುಂಚೆ ಹೊಸ ಡಯಲ್ ಹಾಕಿಕೊಡಿ ಎಂದು ಗಿರಾಕಿಗಳೇ ಕೇಳುತ್ತಿದ್ದರು. ನಾನೂ ಹಾಕಿದ್ದೇನೆ, ತೆಗೆದ ಡಯಲ್‌ಗಳನ್ನು ಡಬ್ಬಿಗಟ್ಟಲೆ ಗುಜರಿಗೆ ಕೊಟ್ಟಿದ್ದೇನೆ. ನೆನೆದರೆ ಈಗಲೂ ಸಂಕಟವಾಗುತ್ತದೆ. ಹಿಂಬದಿ ತೆಗೆಸಿ, ಮಷೀನಿನ ಮೇಲೆ 0231 ಎಂದಿದೆಯೇ ನೋಡಿಸಿ. ಅದು ಜನತಾದ ಮಷೀನಿನ ಸಂಖ್ಯೆ. ಇದ್ದರೆ ಮಷೀನು ಒಳ್ಳೆಯದೇ, ಎಣ್ಣೆ ಹಾಕಿಸಿ ಕಟ್ಟಿಕೊಳ್ಳಿ. ಆದರೆ ಒರಿಜಿನಲ್ ಎಂದು ಹೇಳಿ ಮಾರಿದ್ದಕ್ಕೆ ಹಣ ವಾಪಸ್ ಕೇಳಿ. ನಿಮಗೆ ಆ ಹಕ್ಕಿದೆ.

ಪ್ರಶ್ನೆ: ಅಜ್ಜನ ಕಾಲದ ರೇಡಿಯಂ ವಾಚು ಈಗ ಹೊಳೆಯುವುದಿಲ್ಲ. ಅಪಾಯ ಮುಗಿಯಿತೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಸವೆದದ್ದು ಹೊಳೆಯುವ ಪುಡಿ ಮಾತ್ರ. ಅದನ್ನು ಹೊಳೆಯಿಸುತ್ತಿದ್ದ ರೇಡಿಯಂ ವಿಕಿರಣ ಸೂಸುವ ವಸ್ತು, ಅರ್ಧಕ್ಕೆ ಇಳಿಯಲು ಅದಕ್ಕೆ 1,600 ವರ್ಷ ಬೇಕು. ಸರ್ವಿಸ್‌ನವರು ಇಂಥ ಡಯಲ್ ಬದಲಿಸೋಣ ಎಂದರೆ ಅದಕ್ಕೆ ಕಾರಣವಿದೆ ಎಂದು ತಿಳಿಯಿರಿ. ಮನೆಯಲ್ಲಿ ಗಾಜು ತೆಗೆಯಬೇಡಿ. ಪುಡಿ ಉಸಿರಿಗೆ ಅಥವಾ ಬಾಯಿಗೆ ಹೋಗಬಾರದು. ಮಕ್ಕಳ ಕೈಗೆ ಸಿಗದಂತೆ, ಮಲಗುವ ಕೋಣೆಯಿಂದ ದೂರ ಇಡಿ. ರಿಪೇರಿಗೆ ಕೊಡುವಾಗ ‘ಇದು ರೇಡಿಯಂ’ ಎಂದು ಮೊದಲೇ ಹೇಳಿ. ಬಿಚ್ಚುವ ಕೈ ನಮ್ಮದು.