ಮನೆತನದಲ್ಲಿ ಯಾರಿಗೂ ಇಲ್ಲ, ಮಗುವಿಗೆ ಹೇಗೆ ಬಂತು?

ಪ್ರಶ್ನೆ: ನಮ್ಮ ಎರಡು ವರ್ಷದ ಮಗಳ ಎಡಗಣ್ಣು ಫೋಟೋದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ರೆಟಿನೋಬ್ಲಾಸ್ಟೋಮಾ, ಅಂದರೆ ಕಣ್ಣಿನ ಒಳಪದರವಾದ ರೆಟಿನಾದ ಕ್ಯಾನ್ಸರ್ ಅಂದರು, ಬಯಾಪ್ಸಿಯನ್ನೂ (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡದೆ ಕಣ್ಣು ತೆಗೆದರು. ಬಲಗಣ್ಣು ಚೆನ್ನಾಗಿದೆ. ಎರಡೂ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಆದರೂ ಜೀನ್ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನಾನೀಗ ಐದು ತಿಂಗಳ ಗರ್ಭಿಣಿ. ಪರೀಕ್ಷೆ ನಿಜವಾಗಲೂ ಬೇಕಾ ಡಾಕ್ಟರೇ?

ಉತ್ತರ: ಬೇಕು ತಾಯಿ, ಹೆರಿಗೆಗೆ ಮೊದಲೇ ಬೇಕು.

ಬಯಾಪ್ಸಿ ಮಾಡದೇ ಇದ್ದದ್ದು ಸರಿ. ಈ ಗಡ್ಡೆಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಕಣಗಳು ಕಣ್ಣಿನಿಂದ ಆಚೆ ಹರಡಬಹುದು. ಅದಕ್ಕೇ ಮಗುವಿಗೆ ಅರಿವಳಿಕೆ ಕೊಟ್ಟು, ಪಾಪೆ ಹಿಗ್ಗಿಸಿ ಒಳಗೆ ನೋಡುತ್ತೇವೆ. ಜೊತೆಗೆ ಅಲ್ಟ್ರಾಸೌಂಡ್, ಎಂಆರ್‌ಐ.

ಇನ್ನು ಜೀನ್ ವಿಷಯ. 13ನೇ ಕ್ರೋಮೋಸೋಮಿನಲ್ಲಿ ಆರ್‌ಬಿ1 ಅನ್ನುವ ಜೀನ್ ಇದೆ. ಕಣಗಳು ಮಿತಿಮೀರಿ ಬೆಳೆಯದಂತೆ ತಡೆಯುವುದು ಅದರ ಕೆಲಸ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿ. ರೆಟಿನಾದ ಒಂದೇ ಕಣದಲ್ಲಿ ಎರಡೂ ಕೆಟ್ಟಾಗ ಗಡ್ಡೆ ಶುರುವಾಗುತ್ತದೆ. 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ ಈ ಕಾಯಿಲೆ ಬಂದ ಮಕ್ಕಳ ಅಂಕಿಅಂಶ ನೋಡಿಯೇ ಇದನ್ನು ಊಹಿಸಿದರು. ಜೀನ್ ಕೈಗೆ ಸಿಕ್ಕಿದ್ದು ಆಮೇಲೆ, 1986ರಲ್ಲಿ.

ಕೆಲವು ಮಕ್ಕಳಲ್ಲಿ ಒಂದು ಪ್ರತಿ ಮೈಯ ಎಲ್ಲ ಕಣಗಳಲ್ಲೂ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಎರಡೂ ಕಣ್ಣಿಗೆ ಬಂದರೆ ಹೀಗೇ ಎಂದು ತಿಳಿಯುತ್ತೇವೆ. ಒಂದೇ ಕಣ್ಣಿಗೆ ಬಂದವರಲ್ಲೂ 100ಕ್ಕೆ ಸುಮಾರು 15 ಮಕ್ಕಳು ಹೀಗಿರುತ್ತಾರೆ. ಮನೆತನದಲ್ಲಿ ಯಾರಿಗೂ ಇಲ್ಲ ಅನ್ನುವ ಮಾತನ್ನು ನಾನು ನೆಚ್ಚುವುದಿಲ್ಲ. ಆ ಬದಲಾವಣೆ ಬಹುಪಾಲು ಮಕ್ಕಳಲ್ಲಿ ಹೊಸದಾಗಿಯೇ ಆಗಿರುತ್ತದೆ. ನೀವು ತಿಂದದ್ದರಿಂದ, ಮಾಡಿದ್ದರಿಂದ ಬಂದದ್ದಲ್ಲ. ದಯವಿಟ್ಟು ಆ ಭಾರ ಹೊರಬೇಡಿ.

ಪರೀಕ್ಷೆಯನ್ನು ಗಡ್ಡೆಯಿಂದ ಶುರು ಮಾಡುವುದು ಒಳ್ಳೆಯದು. ಅದರಲ್ಲಿ ಏನು ಕೆಟ್ಟಿದೆ ಅಂತ ಕಂಡುಹಿಡಿದು, ಅದನ್ನೇ ಮಗಳ ರಕ್ತದಲ್ಲಿ ಹುಡುಕುತ್ತಾರೆ. ಆಸ್ಪತ್ರೆಗೆ ನಾಳೆಯೇ ಫೋನ್ ಮಾಡಿ, ಗಡ್ಡೆಯ ತುಣುಕು ಇಟ್ಟಿದ್ದಾರಾ ಕೇಳಿ. ಫ್ರೀಜ್ ಮಾಡಿಟ್ಟಿದ್ದರೆ ಜಾಸ್ತಿ ಅನುಕೂಲ, ಮೇಣದ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಇದ್ದರೂ ಪ್ರಯತ್ನಿಸಬಹುದು.

ರಕ್ತದಲ್ಲಿ ಕಾಣದಿದ್ದರೆ ಬಲಗಣ್ಣಿಗೆ ಅಪಾಯ ಬಹಳ ಕಡಿಮೆ. ಮತ್ತೆ ಮತ್ತೆ ಅರಿವಳಿಕೆ ಕೊಡುವುದು ತಪ್ಪಬಹುದು. ಹೊಟ್ಟೆಯಲ್ಲಿರುವ ಮಗುವಿನ ಚಿಂತೆಯೂ ಇಳಿಯುತ್ತದೆ. ಕಂಡರೆ ಬಲಗಣ್ಣನ್ನು ಬಿಡದೆ ನೋಡುತ್ತಿರಬೇಕು. ಮುಂದೆ ಮೂಳೆಯ ಕ್ಯಾನ್ಸರಿನಂಥವು ಬರುವ ಸಾಧ್ಯತೆ ಇರುತ್ತದೆ, ವಿಕಿರಣದಿಂದ ಅದು ಹೆಚ್ಚಬಹುದು, ಹಾಗಾಗಿ ಸುಮ್ನೆ ಸಿಟಿ ಸ್ಕ್ಯಾನ್ ಮಾಡಿಸಬಾರದು. ನಿಮ್ಮಿಬ್ಬರ ರಕ್ತವನ್ನೂ ನೋಡಬೇಕು. ಒಬ್ಬರಲ್ಲಿ ಇದ್ದರೆ ಹುಟ್ಟುವ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರಲ್ಲೂ ಇಲ್ಲ ಅಂದರೂ ಅಂಡಾಣು, ವೀರ್ಯಾಣುಗಳಲ್ಲಿ ಮಾತ್ರ ಅಡಗಿರಬಹುದು. ಹಾಗಾಗಿ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಲು ಈಗಲೇ ಹೇಳಿಡಿ.

ವರದಿ ತಡವಾದರೆ ಕಾಯಬೇಡಿ. ಹುಟ್ಟಿದ ಮೊದಲ ದಿನಗಳಲ್ಲೇ ಪಾಪೆ ಹಿಗ್ಗಿಸಿ ಕಣ್ಣು ತೋರಿಸಿ. ಬಿಳಿ ಹೊಳಪು ಕಾಣುವಷ್ಟರಲ್ಲಿ ಗಡ್ಡೆ ದೊಡ್ಡದಾಗಿರುತ್ತದೆ. ಚಿಕ್ಕದಿದ್ದಾಗ ಸಿಕ್ಕರೆ ಲೇಸರಿನಲ್ಲೇ ಸುಡಬಹುದು, ಕಣ್ಣೂ ಉಳಿಯುತ್ತದೆ, ದೃಷ್ಟಿಯೂ ಎಷ್ಟೋ ಸಲ ಉಳಿಯುತ್ತದೆ.